ನಿಮ್ಮ ಲ್ಯಾಪ್‌ಟಾಪಿನಲ್ಲೇ ವೆಬ್‌ಸೈಟ್: ಲೋಕಲ್ ಸೆಟಪ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡದ ಕೆಲವು ಸೈಟುಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಒಂದು ಪತ್ರಿಕೆ, ಒಂದು ಪುಸ್ತಕದಂಗಡಿ, ಎರಡು ಶಾಲೆ. ಹೆಚ್ಚಿನವು ವರ್ಡ್‌ಪ್ರೆಸ್, ಒಂದೆರಡು ನೋಡ್ (ಜಾವಾಸ್ಕ್ರಿಪ್ಟನ್ನು ಸರ್ವರಿನಲ್ಲಿ ಓಡಿಸುವ ತಂತ್ರಾಂಶ) ಮತ್ತು ಪೈಥಾನ್. ಕೆಲಸ ಕಲಿಯಲು ಬರುವವರು, ಫೋನ್ ಮಾಡುವ ಗೆಳೆಯರು, ಮೇಲ್ ಬರೆಯುವ ಅಪರಿಚಿತರು ಸುತ್ತಿ ಬಳಸಿ ಇವನ್ನೇ ಕೇಳುತ್ತಾರೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರು ಮಾಡೋ ಮುಂಚೆ

ನಾನು ಲೈವ್ ಸೈಟಲ್ಲೇ ಎಡಿಟ್ ಮಾಡ್ತೀನಿ, ಇಲ್ಲೀತನಕ ಏನೂ ಆಗಿಲ್ಲ. ಲೋಕಲ್ ಯಾಕೆ ಬೇಕು?

ಆಗುವವರೆಗೆ ಆಗುವುದಿಲ್ಲ. ಎಫ್‌ಟಿಪಿಯಲ್ಲಿ (ಸರ್ವರಿಗೆ ನೇರ ಫೈಲ್ ಕಳಿಸುವ ದಾರಿ) ಏರಿಸಿದ, ವರ್ಡ್‌ಪ್ರೆಸ್ ಬರೆದಿರುವ ಭಾಷೆಯಾದ ಪಿಎಚ್‌ಪಿಯ ಫೈಲಿನಲ್ಲಿ ಒಂದು ಸೆಮಿಕೋಲನ್ ಬಿಟ್ಟುಹೋದರೆ ಮಲಗುವುದು ಒಂದು ಪುಟವಲ್ಲ, ಇಡೀ ಸೈಟು. ಥೀಮಿನ ಫಂಕ್ಷನ್ಸ್ ಫೈಲಾದರೆ ಅಡ್ಮಿನ್ ಪುಟವೂ ತೆರೆಯುವುದಿಲ್ಲ, ಅದೂ ಅದೇ ಫೈಲನ್ನು ಓದುತ್ತದಲ್ಲ. ಆಮೇಲೆ ಮದುವೆಮನೆಯ ಪಂಕ್ತಿಯಲ್ಲಿ ಕೂತು ಮೊಬೈಲಿನಿಂದ ಹಳೆಯ ಫೈಲ್ ಏರಿಸುವ ಯೋಗ ಬರುತ್ತದೆ. ನನಗೆ ಬಂದಿದೆ. ಹೋಳಿಗೆ ಎಲೆಯಲ್ಲೇ ತಣ್ಣಗಾಯಿತು.

ಲೋಕಲ್ ಸೆಟಪ್ ಎಂದರೆ ಕೆಡಿಸಲು ಹೆದರಬೇಕಿಲ್ಲದ ಇನ್ನೊಂದು ಪ್ರತಿ. ಅದಕ್ಕೆ ಎರಡು ಗುಣ ಇರಬೇಕು: ಮುಖ್ಯ ವಿಷಯಗಳಲ್ಲಿ ಸರ್ವರನ್ನು ಹೋಲಬೇಕು, ಮತ್ತು ಪೂರ್ತಿ ಅಳಿಸಿದರೂ ಅರ್ಧ ಗಂಟೆಯಲ್ಲಿ ಮತ್ತೆ ಎದ್ದು ನಿಲ್ಲಬೇಕು. ಕೆಳಗಿನ ತೊಂದರೆಗಳಲ್ಲಿ ಮುಕ್ಕಾಲು ಪಾಲು ಈ ಎರಡರಲ್ಲಿ ಒಂದು ತಪ್ಪಿದ್ದರಿಂದ ಬಂದವು.

ಲೋಕಲ್‌ಹೋಸ್ಟ್ ಲಿಂಕ್ ಫ್ರೆಂಡಿಗೆ ಕಳಿಸಿದೆ, ಅವನಿಗೆ ಓಪನ್ನೇ ಆಗ್ತಿಲ್ಲ. ಯಾಕೆ?

ಲೋಕಲ್‌ಹೋಸ್ಟ್ ಎನ್ನುವುದು "ನಾನು" ಎಂಬ ಪದದ ಹಾಗೆ. ಯಾರು ಹೇಳುತ್ತಾರೋ ಅವರೇ ಆಗುತ್ತಾರೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದು ನಿಮ್ಮ ಲ್ಯಾಪ್‌ಟಾಪು, ಗೆಳೆಯನ ಫೋನಿನಲ್ಲಿ ಅವನ ಫೋನು. ಅಂಕಿಯಲ್ಲಿ ಬರೆದರೆ 127.0.0.1.

ಅದರ ಮುಂದೆ ಕೋಲನ್ ಹಾಕಿ ಬರೆಯುವ ಅಂಕಿ ಪೋರ್ಟ್. ಮನೆ ಒಂದೇ, ಬಾಗಿಲು ಹಲವು. ಸಾದಾ ವೆಬ್‌ಗೆ 80, ಎಚ್‌ಟಿಟಿಪಿಎಸ್‌ಗೆ 443, ಡೇಟಾಬೇಸುಗಳಾದ ಮೈಎಸ್‌ಕ್ಯುಎಲ್‌ಗೆ 3306, ಪೋಸ್ಟ್‌ಗ್ರೆಸ್‌ಗೆ 5432, ಪೈಥಾನಿನ ಜಾಂಗೋಗೆ 8000, ಜಾವಾಸ್ಕ್ರಿಪ್ಟಿನ ವೀಟ್‌ಗೆ 5173.

8 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪು. ಸಾಕಾಗತ್ತಾ ಸರ್?

ವರ್ಡ್‌ಪ್ರೆಸ್‌ಗೆ ಧಾರಾಳ. ರ‍್ಯಾಮ್ ಹೆಚ್ಚಿಸುವ ಮುಂಚೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ವ್ಯತ್ಯಾಸ ಆ ದಿನವೇ ಕಾಣುತ್ತದೆ. ವಿಂಡೋಸಿನಲ್ಲಿ ಡಾಕರ್ (ಪ್ರತಿ ಸೈಟನ್ನೂ ಅದಕ್ಕೆ ಬೇಕಾದ ತಂತ್ರಾಂಶದ ಸಮೇತ ಬೇರೆ ಬೇರೆ ಡಬ್ಬಿಯಲ್ಲಿ, ಅಂದರೆ ಕಂಟೇನರಿನಲ್ಲಿ, ಓಡಿಸುವ ಟೂಲು) ಓಡಿಸಿದರೆ ಹಿಂದೆ ಒಂದು ಪುಟ್ಟ ಲಿನಕ್ಸ್ ಓಡುತ್ತಿರುತ್ತದೆ, ಅದು ಸಾಮಾನ್ಯವಾಗಿ ಮೆಮೊರಿಯ ಅರ್ಧದವರೆಗೆ ತೆಗೆದುಕೊಳ್ಳಬಲ್ಲದು. ಜೊತೆಗೆ ಕ್ರೋಮ್‌ನ ಇಪ್ಪತ್ತು ಟ್ಯಾಬ್ ಇದ್ದರೆ ಫ್ಯಾನಿನ ಸದ್ದು ಪಕ್ಕದ ಮನೆಗೂ ಕೇಳುತ್ತದೆ. ಆ ಲಿನಕ್ಸಿನ, ಅಂದರೆ ಡಬ್ಲ್ಯುಎಸ್‌ಎಲ್‌ನ, ಕಾನ್ಫಿಗ್ ಫೈಲಿನಲ್ಲಿ 3 ಜಿಬಿ ಮಿತಿ ಹಾಕಿದರೆ ಉಸಿರಾಡಬಹುದು.

ಮೊಬೈಲ್ ಹಾಟ್‌ಸ್ಪಾಟ್ ಬಳಸುವವರಿಗೆ ಒಂದು ಮಾತು: ಡಾಕರ್ ಇಮೇಜುಗಳು (ಕಂಟೇನರು ಶುರುವಾಗಲು ಇಳಿಸಿಕೊಳ್ಳುವ ಕಟ್ಟುಗಳು) ನೂರಾರು ಎಂಬಿ ಇರುತ್ತವೆ. ಆ ದಿನದ ಡೇಟಾ ಅಲ್ಲಿಗೇ ಮುಗಿಯುತ್ತದೆ.

ಜ್ಯಾಂಪ್, ಡಾಕರ್, ಡಬ್ಲ್ಯುಎಸ್‌ಎಲ್ ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಯಾವ್ದು ಹಾಕ್ಲಿ?

ಮೊದಲ ಸೈಟಾದರೆ ಜ್ಯಾಂಪ್. ಕೆಲವರು ಎಕ್ಸಾಂಪ್ ಎನ್ನುತ್ತಾರೆ, ಎರಡೂ ಒಂದೇ. ಅಪಾಚೆ (ವೆಬ್ ಸರ್ವರ್), ಮಾರಿಯಾಡಿಬಿ (ಡೇಟಾಬೇಸ್), ಪಿಎಚ್‌ಪಿ, ಪರ್ಲ್ ನಾಲ್ಕೂ ಒಂದೇ ಕಟ್ಟಿನಲ್ಲಿ ಬರುತ್ತವೆ. ಎಚ್‌ಟಿಡಾಕ್ಸ್ ಫೋಲ್ಡರಿಗೆ ಫೈಲು ಹಾಕಿದರೆ ಬ್ರೌಸರಿನಲ್ಲಿ ಕಾಣುತ್ತದೆ. ಕಷ್ಟ ಶುರುವಾಗುವುದು ಎರಡನೇ ಗಿರಾಕಿ ಬಂದಾಗ: ಒಬ್ಬರ ಸರ್ವರಿನಲ್ಲಿ ಪಿಎಚ್‌ಪಿ 7.4, ಇನ್ನೊಬ್ಬರದರಲ್ಲಿ 8.2. ಒಂದು ಜ್ಯಾಂಪಿನಲ್ಲಿ ಇರುವುದು ಒಂದೇ ಪಿಎಚ್‌ಪಿ.

ಆಗ ಡಾಕರ್. ಪ್ರತಿ ಪ್ರಾಜೆಕ್ಟಿಗೂ ಯಾವ ಪಿಎಚ್‌ಪಿ, ಯಾವ ಡೇಟಾಬೇಸ್ ಎಂಬುದನ್ನು ಒಂದು ಕಂಪೋಸ್ ಫೈಲಿನಲ್ಲಿ ಬರೆದಿಟ್ಟರೆ ಮುಗಿಯಿತು, ಅದು ಕೋಡಿನ ಜೊತೆಗೇ ಇರುತ್ತದೆ. ಕಂಪನಿಯಲ್ಲಿ ಇರುವವರು ಗಮನಿಸಿ: ಡಾಕರ್ ಡೆಸ್ಕ್‌ಟಾಪ್ ಎಂಬ ಆ್ಯಪು 250ಕ್ಕಿಂತ ಹೆಚ್ಚು ನೌಕರರು ಅಥವಾ 1 ಕೋಟಿ ಡಾಲರಿಗಿಂತ ಹೆಚ್ಚು ವಾರ್ಷಿಕ ಆದಾಯ ಇರುವ ಸಂಸ್ಥೆಗಳಿಗೆ 2021ರ ನಿಯಮದಂತೆ ಉಚಿತವಲ್ಲ. ಲಿನಕ್ಸಿನ ಮೇಲೆ ನೇರವಾಗಿ ಹಾಕುವ ಡಾಕರ್ ಎಂಜಿನ್‌ಗೆ ಆ ಷರತ್ತಿಲ್ಲ.

ಡಬ್ಲ್ಯುಎಸ್‌ಎಲ್ ಇವೆರಡಕ್ಕೂ ಪೈಪೋಟಿಯಲ್ಲ. ಅದು ವಿಂಡೋಸಿನೊಳಗಿನ ಲಿನಕ್ಸ್, ಎರಡನೇ ಆವೃತ್ತಿ 2020ರಲ್ಲಿ ಎಲ್ಲರಿಗೂ ಸಿಕ್ಕಿತು. ನೋಡ್ ಅಥವಾ ಪೈಥಾನ್ ಕೆಲಸ ಮಾಡುವವರಿಗೆ ವಿಂಡೋಸಿನಲ್ಲಿ ನಾನು ಮೊದಲು ಹಾಕಿಸುವುದು ಅದನ್ನೇ.

## ಇನ್‌ಸ್ಟಾಲ್ ಮಾಡೋವಾಗ

ಪ್ರಾಜೆಕ್ಟ್ ಫೋಲ್ಡರ್ ಡೆಸ್ಕ್‌ಟಾಪಲ್ಲೇ ಇಟ್ಟಿದೀನಿ, ಎಲ್ಲಾ ತುಂಬಾ ಸ್ಲೋ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಹೊಸ ವಿಂಡೋಸಿನಲ್ಲಿ ಡೆಸ್ಕ್‌ಟಾಪ್ ಫೋಲ್ಡರು ಹೆಚ್ಚಾಗಿ ಒನ್‌ಡ್ರೈವ್ ಒಳಗೆ ಇರುತ್ತದೆ. ನೋಡ್ ಪ್ರಾಜೆಕ್ಟಿನ ಸಾವಿರಾರು ಸಣ್ಣ ಫೈಲುಗಳನ್ನು ಅದು ಒಂದೊಂದಾಗಿ ಮೋಡಕ್ಕೆ ಏರಿಸುತ್ತಾ ಕೂರುತ್ತದೆ. ಸಿ ಡ್ರೈವಿನಲ್ಲಿ ಬೇರೆಯದೇ ಫೋಲ್ಡರ್ ಮಾಡಿಕೊಳ್ಳಿ. ಹೆಸರು ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಇರಲಿ. "ಹೊಸ ಸೈಟ್ ಫೈನಲ್" ಎಂದು ಕನ್ನಡದಲ್ಲಿಟ್ಟರೆ ನಮಗೆ ಸಂತೋಷ, ಕೆಲವು ಹಳೆಯ ಟೂಲುಗಳಿಗೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಡಬ್ಲ್ಯುಎಸ್‌ಎಲ್ ಬಳಸುವವರಾದರೆ ಕೋಡು ಲಿನಕ್ಸಿನ ಹೋಮ್ ಫೋಲ್ಡರಿನಲ್ಲೇ ಇರಬೇಕು. ಲಿನಕ್ಸಿನೊಳಗಿಂದ ಸಿ ಡ್ರೈವನ್ನು ಓದುವುದು ಗಡಿ ದಾಟಿ ನೀರು ತಂದ ಹಾಗೆ, ಪ್ರತಿ ಫೈಲಿಗೂ ಚೆಕ್‌ಪೋಸ್ಟ್.

"ಪೋರ್ಟ್ ಆಲ್ರೆಡಿ ಇನ್ ಯೂಸ್" ಅಂತ ಬರ್ತಿದೆ. ನಾನು ಬೇರೆ ಏನೂ ಓಪನ್ ಮಾಡಿಲ್ಲ!

ನೀವು ಮಾಡಿಲ್ಲ, ಬೇರೆ ಯಾರೋ ಆ ಬಾಗಿಲಲ್ಲಿ ಕೂತಿದ್ದಾರೆ. ಯಾರೆಂದು ವಿಂಡೋಸಿನಲ್ಲಿ ನೆಟ್‌ಸ್ಟ್ಯಾಟ್, ಮ್ಯಾಕ್ ಮತ್ತು ಲಿನಕ್ಸಿನಲ್ಲಿ ಎಲ್‌ಎಸ್‌ಒಎಫ್ ಕಮಾಂಡ್ ಹೇಳುತ್ತದೆ. 80ರಲ್ಲಿ ವಿಂಡೋಸಿನದೇ ವೆಬ್ ಸರ್ವರ್ ಐಐಎಸ್ ಇರಬಹುದು. 3306ರಲ್ಲಿ ಎರಡು ವರ್ಷದ ಹಿಂದೆ ಹಾಕಿ ಮರೆತ ಮೈಎಸ್‌ಕ್ಯುಎಲ್. ಮ್ಯಾಕಿನಲ್ಲಿ ಪೈಥಾನಿನ ಫ್ಲಾಸ್ಕ್ ಕಲಿಯುವವರು 5000ರಲ್ಲಿ ಮುಗ್ಗರಿಸುತ್ತಾರೆ. 2021ರ ಮಾಂಟೆರಿ ಆವೃತ್ತಿಯಿಂದ ಏರ್‌ಪ್ಲೇ ರಿಸೀವರ್ ಅದೇ ಪೋರ್ಟಿನಲ್ಲಿ ಕೂರುತ್ತದೆ. ಸೆಟಿಂಗ್ಸಿನಲ್ಲಿ ಅದನ್ನು ಆಫ್ ಮಾಡಿ, ಅಥವಾ ಜಗಳವೇ ಬೇಡವೆಂದು 5001 ಬಳಸಿ.

ನನ್ನ ಮಷೀನಿನ್ಯಾಗ ಬರೋಬ್ಬರಿ ನಡೀತೈತಿ, ಅವಂದ್ರಾಗ ನಡೀವಲ್ದು. ಕೋಡ್ ಒಂದೇ ಐತಲ್ಲ?

ಕೋಡ್ ಒಂದೇ, ಅದರ ಕೆಳಗಿನ ನೆಲ ಬೇರೆ. ಇಬ್ಬರೂ ನೋಡ್ ಆವೃತ್ತಿ ಕೇಳಿ ನೋಡಿ, ಹತ್ತರಲ್ಲಿ ಏಳು ಸಲ ಉತ್ತರ ಅಲ್ಲೇ ಸಿಗುತ್ತದೆ. ನೋಡ್ ಆವೃತ್ತಿ ಬದಲಿಸಿಕೊಡುವ ಎನ್‌ವಿಎಂ ಹಾಕಿಕೊಂಡು, ಪ್ರಾಜೆಕ್ಟಿಗೆ ಬೇಕಾದ ಆವೃತ್ತಿಯನ್ನು ಒಂದು ಫೈಲಿನಲ್ಲಿ ಬರೆದು ಗಿಟ್‌ಗೆ (ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಟೂಲು) ಸೇರಿಸಿ.

ಆವೃತ್ತಿ ಒಂದೇ ಇದ್ದರೆ ಲಾಕ್ ಫೈಲ್ ನೋಡಿ. ಪ್ಯಾಕೇಜ್ ಪಟ್ಟಿಯಲ್ಲಿ (ಪ್ರಾಜೆಕ್ಟು ಬಳಸುವ ಬೇರೆಯವರ ಕೋಡಿನ ಪಟ್ಟಿ) "4.2 ಅಥವಾ ಅದರ ನಂತರದ್ದು" ಎಂಬಂತೆ ಸಡಿಲವಾಗಿ ಬರೆದಿರುತ್ತದೆ. ನೀವು ಜೂನ್‌ನಲ್ಲಿ ಹಾಕಿದಾಗ 4.2 ಬಂತು, ಅವನಿಗೆ ದಸರಾ ಹೊತ್ತಿಗೆ 4.7 ಬಂತು. ಲಾಕ್ ಫೈಲು ನಿಖರವಾಗಿ ಯಾವುದು ಬಂದಿತ್ತು ಎಂಬುದರ ದಾಖಲೆ. ಅದನ್ನು ಗಿಟ್‌ಗೆ ಹಾಕಲೇಬೇಕು, ಮತ್ತು ಪ್ಯಾಕೇಜುಗಳನ್ನು ಇಳಿಸಲು ಎನ್‌ಪಿಎಂ ಇನ್‌ಸ್ಟಾಲ್ ಬದಲು ಎನ್‌ಪಿಎಂ ಸಿಐ ಕೊಡಬೇಕು. ಅದು ಹಳೆಯದನ್ನು ಅಳಿಸಿ ಲಾಕ್ ಫೈಲಿನಲ್ಲಿ ಇದ್ದದ್ದನ್ನೇ ತರುತ್ತದೆ, ಎರಡು ಪಟ್ಟಿ ತಾಳೆಯಾಗದಿದ್ದರೆ ಮುಂದೆ ಹೋಗುವುದೇ ಇಲ್ಲ.

ಪೈಥಾನಿನಲ್ಲಿ ಇದೇ ಕೆಲಸಕ್ಕೆ ವೆನ್ವ್ ಇದೆ, ಪ್ರತಿ ಪ್ರಾಜೆಕ್ಟಿಗೂ ಬೇರೆ ಉಗ್ರಾಣ. ಈಚಿನ ಉಬುಂಟುವಿನಲ್ಲಿ ಪ್ಯಾಕೇಜ್ ಇಳಿಸುವ ಪಿಪ್ ಕಮಾಂಡ್ ಕೊಟ್ಟ ಕೂಡಲೇ "ಎಕ್ಸ್‌ಟರ್ನಲಿ ಮ್ಯಾನೇಜ್ಡ್" ಎಂದು ಬೈದರೆ ಅದು ಕೆಟ್ಟಿಲ್ಲ. ಸಿಸ್ಟಮ್ಮಿನ ಪೈಥಾನನ್ನು ಮುಟ್ಟಬೇಡ, ವೆನ್ವ್ ಮಾಡಿಕೋ ಎನ್ನುತ್ತಿದೆ.

ನೋಡ್ ಮಾಡ್ಯೂಲ್ಸ್ ಫೋಲ್ಡರನ್ನೂ ಪೆನ್‌ಡ್ರೈವಲ್ಲಿ ಕೊಡ್ಬೇಕಾ?

ಬೇಡ. ಇಳಿಸಿಕೊಂಡ ಪ್ಯಾಕೇಜುಗಳು ಕೂರುವ ಜಾಗ ಅದು. ಕೆಲವು ಪ್ಯಾಕೇಜುಗಳು ಆಯಾ ಮಷೀನಿಗೆ ತಕ್ಕ ಹಾಗೆ ಕಂಪೈಲ್ ಆಗಿರುತ್ತವೆ, ವಿಂಡೋಸಿನದು ಲಿನಕ್ಸಿನಲ್ಲಿ ಓಡುವುದಿಲ್ಲ. ಕೋಡ್ ಕೊಡಿ, ಅಲ್ಲಿ ಹೊಸದಾಗಿ ಇಳಿಸಿಕೊಳ್ಳಲಿ.

## ಡೇಟಾ, ಗುಟ್ಟು, ಕನ್ನಡ

ಲೈವ್ ಡೇಟಾಬೇಸ್ ಲೋಕಲ್‌ಗೆ ತಂದೆ. ಈಗ ಲೋಕಲ್ ತೆಗೆದ್ರೆ ಲೈವ್ ಸೈಟಿಗೇ ಹೋಗ್ತಿದೆ!

ವರ್ಡ್‌ಪ್ರೆಸ್ ತನ್ನ ವಿಳಾಸವನ್ನು ಡೇಟಾಬೇಸಿನಲ್ಲೇ ಬರೆದಿಟ್ಟುಕೊಳ್ಳುತ್ತದೆ. ಆಪ್ಷನ್ಸ್ ಟೇಬಲ್ಲಿನಲ್ಲಿ ಸೈಟ್‌ಯುಆರ್‌ಎಲ್, ಹೋಮ್ ಎಂಬ ಎರಡು ಸಾಲು. ಅವೆರಡನ್ನು ಬದಲಿಸಿದರೆ ಲಾಗಿನ್ ಆಗಬಹುದು, ಆದರೆ ಲೇಖನಗಳೊಳಗಿನ ಚಿತ್ರ, ಕೊಂಡಿಗಳಲ್ಲಿ ಹಳೆಯ ವಿಳಾಸವೇ ಉಳಿದಿರುತ್ತದೆ.

ಇಲ್ಲೇ ಎಲ್ಲರೂ ಎಡವುವುದು. ಡೇಟಾಬೇಸಿನಿಂದ ಇಳಿಸಿದ ಎಸ್‌ಕ್ಯುಎಲ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಫೈಂಡ್ ರಿಪ್ಲೇಸ್ ಮಾಡುತ್ತಾರೆ. ಪಿಎಚ್‌ಪಿ ಕೆಲವು ಸೆಟಿಂಗುಗಳನ್ನು ಸೀರಿಯಲೈಸ್ ಮಾಡಿ ಇಡುತ್ತದೆ, ಅಂದರೆ "ಮುಂದೆ ಬರುವ ಪಠ್ಯ 24 ಬೈಟ್" ಎಂದು ಅಳತೆಯನ್ನು ಮೊದಲು ಬರೆದು ಆಮೇಲೆ ಪಠ್ಯ. ನೀವು ಹಾಕಿದ ಹೊಸ ವಿಳಾಸ 21 ಬೈಟ್ ಇದ್ದರೆ ಅಳತೆ ಸುಳ್ಳಾಯಿತು. ಪಿಎಚ್‌ಪಿ ಇಡೀ ತುಂಡನ್ನೇ ಓದದೆ ಬಿಸಾಕುತ್ತದೆ, ವಿಜೆಟ್ಟುಗಳು, ಥೀಮಿನ ಸೆಟಿಂಗುಗಳು ಮಾಯ. ವರ್ಡ್‌ಪ್ರೆಸ್‌ನ ಕಮಾಂಡ್ ಟೂಲಾದ ಡಬ್ಲ್ಯುಪಿ ಸಿಎಲ್‌ಐನಲ್ಲಿ ಸರ್ಚ್ ರಿಪ್ಲೇಸ್ ಎಂಬ ಕಮಾಂಡಿದೆ, ಅದು ಅಳತೆಯನ್ನೂ ತಿದ್ದುತ್ತದೆ. ಮೊದಲು ಡ್ರೈ ರನ್ (ಏನೂ ಬದಲಿಸದೆ ಲೆಕ್ಕ ಮಾತ್ರ) ಕೊಟ್ಟು ಎಷ್ಟು ಕಡೆ ಬದಲಾಗುತ್ತದೆ ನೋಡಿ.

ಟೆಸ್ಟ್ ಮಾಡ್ತಾ ನಿಜವಾದ ಗಿರಾಕಿಗಳಿಗೆ ಮೇಲ್ ಹೋಗ್ಬಿಟ್ರೆ?

ಹೋಗುತ್ತದೆ. ಒಂದು ಪುಸ್ತಕ ಮಾರುವ ಸೈಟಿನ ಡೇಟಾಬೇಸನ್ನು ಹಾಗೇ ಲೋಕಲ್‌ಗೆ ತಂದು, ರಾತ್ರಿ ಹನ್ನೊಂದಕ್ಕೆ ಪ್ರಕಟಣೆಯ ಮೇಲ್ ಹೇಗೆ ಕಾಣುತ್ತದೆಂದು ಪರೀಕ್ಷಿಸುತ್ತಿದ್ದೆ. ಪುಸ್ತಕದ ಹೆಸರಿನ ಜಾಗದಲ್ಲಿ "ಟೆಸ್ಟ್ ಗುಂಡಣ್ಣ" ಎಂದು ಹಾಕಿದ್ದೆ. ಮೇಲ್ ಕಳಿಸುವ ಎಸ್‌ಎಂಟಿಪಿ ಪಾಸ್‌ವರ್ಡೂ ಡೇಟಾಬೇಸಿನ ಜೊತೆಗೇ ಬಂದಿದ್ದು ತಲೆಗೆ ಹೊಳೆಯಲಿಲ್ಲ. ಬೆಳಗ್ಗೆ ಹಿರಿಯ ಓದುಗರೊಬ್ಬರ ಉತ್ತರ ಬಂದಿತ್ತು: "ಟೆಸ್ಟ್ ಗುಂಡಣ್ಣ ಕಾದಂಬರಿಯೋ ಕಥಾಸಂಕಲನವೋ ತಿಳಿಯಲಿಲ್ಲ. ಒಂದು ಪ್ರತಿ ವಿಪಿಪಿಯಲ್ಲಿ ಕಳಿಸಿ."

ಈಗ ಡೇಟಾಬೇಸ್ ಇಳಿಸಿದ ಕೂಡಲೇ ಓಡುವ ಒಂದು ಸಣ್ಣ ಸ್ಕ್ರಿಪ್ಟ್ ಇಟ್ಟಿದ್ದೇನೆ. ಎಲ್ಲ ಮೇಲ್ ವಿಳಾಸಗಳನ್ನೂ ಎಕ್ಸಾಂಪಲ್ ಡಾಟ್ ಕಾಮ್‌ಗೆ ಬದಲಿಸುತ್ತದೆ, ಫೋನ್ ನಂಬರ್ ಅಳಿಸುತ್ತದೆ. ಆ ಡೊಮೇನು ಇಂಥದ್ದಕ್ಕೆಂದೇ ಕಾದಿರಿಸಿದ್ದು. ಮೇಲ್ ಕಳಿಸುವ ಕೆಲಸಕ್ಕೆ ಮೇಲ್‌ಪಿಟ್ ಇದೆ: 1025ನೇ ಪೋರ್ಟಿನಲ್ಲಿ ಮೇಲ್ ಹಿಡಿದುಕೊಂಡು 8025ರಲ್ಲಿ ತೋರಿಸುತ್ತದೆ, ಹೊರಗೆ ಒಂದೂ ಹೋಗುವುದಿಲ್ಲ. ಪೇಮೆಂಟ್ ಗೇಟ್‌ವೇಗಳು ಟೆಸ್ಟ್ ಕೀಗಳನ್ನು ಬೇರೆಯೇ ಕೊಡುತ್ತವೆ, ಲೋಕಲಿನಲ್ಲಿ ಅವೇ ಇರಲಿ. ಜನರ ನಿಜವಾದ ವಿವರ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡು ತಿರುಗುವುದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯ ದೃಷ್ಟಿಯಿಂದ ಸುಮ್ಮನೆ ತಲೆನೋವು ಕೂಡ.

ಡಾಟ್ ಎನ್ವ್ ಫೈಲ್ ಗಿಟ್‌ಗೆ ಹೋಗ್ಬಿಟ್ಟಿತ್ತು. ಡಿಲೀಟ್ ಮಾಡಿ ಪುಶ್ ಮಾಡಿದೆ, ಸಾಕಲ್ವಾ?

ಸಾಲದು. ಪಾಸ್‌ವರ್ಡು, ಕೀಗಳನ್ನು ಬರೆದಿಡುವ ಫೈಲು ಅದು. ಗಿಟ್ ಹಳೆಯದನ್ನೂ ಇಟ್ಟುಕೊಳ್ಳುತ್ತದೆ, ಅದರ ಉದ್ದೇಶವೇ ಅದು. ಹಿಂದಿನ ಕಮಿಟ್ ತೆರೆದರೆ ಪಾಸ್‌ವರ್ಡ್ ಹಾಗೇ ಇರುತ್ತದೆ. ಮೊದಲ ಕೆಲಸ, ಪಾಸ್‌ವರ್ಡು ಮತ್ತು ಕೀಗಳನ್ನು ಬದಲಿಸುವುದು. ಇತಿಹಾಸ ಅಳಿಸುವುದು ಆಮೇಲಿನ ಮಾತು. ಮುಂದಕ್ಕೆ ಡಾಟ್ ಎನ್ವ್ ಹೆಸರನ್ನು ಗಿಟ್ ಇಗ್ನೋರಿಗೆ (ಗಿಟ್ ಮುಟ್ಟಬಾರದ ಫೈಲುಗಳ ಪಟ್ಟಿ) ಸೇರಿಸಿ, ಅದರ ಪಕ್ಕ ಪಾಸ್‌ವರ್ಡು, ಕೀಗಳ ಜಾಗ ಖಾಲಿ ಬಿಟ್ಟ ಮಾದರಿ ಫೈಲೊಂದನ್ನು ಗಿಟ್‌ನಲ್ಲಿಡಿ. ಹೊಸಬರಿಗೆ ಏನೇನು ತುಂಬಬೇಕೆಂದು ಗೊತ್ತಾಗುತ್ತದೆ.

ಇಂಪೋರ್ಟ್ ಮಾಡಿದ್ಮೇಲೆ ಕನ್ನಡ ಏನೇನೋ ಆಗಿ ಕಾಣ್ತಿದೆ. ಏನ್ಮಾಡ್ಲಿ?

"ಏನೇನೋ" ಎಂದರೆ ಯಾವ ಥರ ಎಂಬುದರ ಮೇಲೆ ರೋಗ ಬೇರೆ.

ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಡೇಟಾಬೇಸಿನೊಳಗೇ ಇದ್ದರೆ ಪಠ್ಯ ಹೋಯಿತು. ಕನ್ನಡ ಬರೆಯಲು ಬಾರದ ಟೇಬಲ್ಲಿಗೆ ಕನ್ನಡ ಸುರಿದಿದ್ದೀರಿ. ಮತ್ತೆ ಬ್ಯಾಕಪ್ಪಿನಿಂದ ಶುರು.

ತಲೆ ಮೇಲೆ ಗೀಟಿರುವ ಇಂಗ್ಲಿಷಿನ ಎ ಅಕ್ಷರ ಸಾಲಿನುದ್ದಕ್ಕೂ ಮರುಕಳಿಸುತ್ತಿದ್ದರೆ ಸಮಾಧಾನ ತಂದುಕೊಳ್ಳಿ, ಪಠ್ಯ ಭದ್ರವಾಗಿದೆ, ಓದುವ ಬಗೆ ತಪ್ಪಿದೆ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಇಂದಿನ ಪದ್ಧತಿ) ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್, ಮೊದಲ ಬೈಟ್ ಎಲ್ಲಕ್ಕೂ ಒಂದೇ. ಅದನ್ನು ಲ್ಯಾಟಿನ್-1 ಎಂಬ ಹಳೆಯ ಪದ್ಧತಿ ಎಂದು ಓದಿದಾಗ ಆ ಬೈಟೇ ಗೀಟಿನ ಎ ಆಗುತ್ತದೆ. ಡಂಪ್ (ಡೇಟಾಬೇಸಿನ ಪ್ರತಿ) ತೆಗೆಯುವಾಗಲೂ ಇಂಪೋರ್ಟ್ ಮಾಡುವಾಗಲೂ ಕ್ಯಾರೆಕ್ಟರ್ ಸೆಟ್ ಅನ್ನು ಯುಟಿಎಫ್8ಎಂಬಿ4 ಎಂದು ಬಾಯಿಬಿಟ್ಟು ಹೇಳಿ. ಮೈಎಸ್‌ಕ್ಯುಎಲ್ 8.0ರಲ್ಲಿ ಹೇಳದಿದ್ದರೂ ಅದೇ, ಅದಕ್ಕಿಂತ ಹಳೆಯದರಲ್ಲಿ ಹೇಳದಿದ್ದರೆ ಲ್ಯಾಟಿನ್-1.

ಕನ್ನಡ ಚೆನ್ನಾಗಿದ್ದು ಇಮೋಜಿ ಮಾತ್ರ ಕೆಟ್ಟರೆ ಟೇಬಲ್ಲು ಮೈಎಸ್‌ಕ್ಯುಎಲ್ಲಿನ ಹಳೆಯ ಯುಟಿಎಫ್8ನಲ್ಲಿದೆ. ಅದು 3 ಬೈಟಿಗೆ ನಿಲ್ಲುತ್ತದೆ. ಕನ್ನಡಕ್ಕೆ ಅಷ್ಟು ಸಾಕು, ಇಮೋಜಿಗೆ 4 ಬೇಕು.

ಇನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ, ಲೇಖಕರು ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ ಟೈಪಿಸಿ ಅಂಟಿಸಿದ್ದಾರೆ. ಡೇಟಾಬೇಸಿನದು ತಪ್ಪಿಲ್ಲ, ಯೂನಿಕೋಡ್‌ಗೆ ಪರಿವರ್ತಿಸಿ ಹಾಕಬೇಕು.

ಕನ್ನಡದಲ್ಲಿ ಟೈಟಲ್ ಕೊಟ್ರೆ ಯುಆರ್‌ಎಲ್ ಅರ್ಧಕ್ಕೇ ತುಂಡಾಗತ್ತಲ್ಲ?

ವರ್ಡ್‌ಪ್ರೆಸ್ ಡೇಟಾಬೇಸಿನಲ್ಲಿ ಯುಆರ್‌ಎಲ್‌ನ ಆ ತುಂಡನ್ನು ಇಡುವ ಕಾಲಮ್ಮಿಗೆ 200 ಅಕ್ಷರದ ಮಿತಿ. ಕನ್ನಡದ ಒಂದೊಂದು ಚಿಹ್ನೆ ಅಲ್ಲಿ ಪರ್ಸೆಂಟ್ ಗುರುತಿನೊಂದಿಗೆ 9 ಅಕ್ಷರವಾಗಿ ಕೂರುತ್ತದೆ, ಹಾಗಾಗಿ 22 ಚಿಹ್ನೆಗೆ ಜಾಗ ಮುಗಿಯಿತು. "ಕ್ಷೇತ್ರ" ಕಣ್ಣಿಗೆ ಎರಡೇ ಅಕ್ಷರ. ಬಿಡಿಸಿದರೆ ಕ, ವಿರಾಮ (ಸ್ವರವಿಲ್ಲ ಎನ್ನುವ ಗುರುತು), ಷ, ಏತ್ವ, ತ, ವಿರಾಮ, ರ ಎಂದು ಏಳು ಚಿಹ್ನೆ, ಅಂದರೆ 63 ಅಕ್ಷರ. ಮೂರು ಪದದ ಶೀರ್ಷಿಕೆಗೇ ಕತ್ತರಿ ಬೀಳುತ್ತದೆ. ಪರ್ಮಾಲಿಂಕಿಗೆ (ಲೇಖನದ ಕಾಯಂ ವಿಳಾಸ) ಲೇಖನದ ಸಂಖ್ಯೆ ಹಾಕಿ ಎಂದೇ ನಾನು ಹೇಳುವುದು. ಶುರುವಿನಲ್ಲೇ, ಲೋಕಲಿನಲ್ಲೇ ತೀರ್ಮಾನಿಸಿ. ಸಾವಿರ ಲೇಖನ ಆದ ಮೇಲೆ ಬದಲಿಸುವುದು ಬೇಡಪ್ಪಾ ಬೇಡ.

## ಇನ್ನೂ ಒಳಕ್ಕೆ

ಲೋಕಲಲ್ಲಿ ಫೋಟೋ ಬರತ್ತೆ, ಸರ್ವರಲ್ಲಿ 404. ಫೈಲ್ ಅಲ್ಲೇ ಇದೆ, ಕಣ್ಣಾರೆ ನೋಡ್ದೆ!

ಹೆಸರಿನ ಮೊದಲಕ್ಷರ ದೊಡ್ಡದೋ ಚಿಕ್ಕದೋ ನೋಡಿ. ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಇಂಗ್ಲಿಷಿನ ದೊಡ್ಡ, ಚಿಕ್ಕ ಅಕ್ಷರಗಳಿಗೆ ಭೇದ ಮಾಡುವುದಿಲ್ಲ. ಲಿನಕ್ಸಿಗೆ ಅವು ಬೇರೆ ಬೇರೆ ಫೈಲು. ಸುಮ್ಮನೆ ರಿನೇಮ್ ಮಾಡಿದರೆ ವಿಂಡೋಸಿನಲ್ಲಿ ಗಿಟ್‌ಗೆ ಬದಲಾವಣೆಯೇ ಕಾಣದಿರಬಹುದು, ಗಿಟ್ ಎಂವಿ ಬಳಸಿ. ಇದರ ಅಣ್ಣತಮ್ಮ ಇನ್ನೊಂದಿದೆ: ವಿಂಡೋಸಿನಲ್ಲಿ ಬರೆದ ಶೆಲ್ ಸ್ಕ್ರಿಪ್ಟು ಸರ್ವರಿನಲ್ಲಿ "ಬ್ಯಾಡ್ ಇಂಟರ್‌ಪ್ರಿಟರ್" ಎನ್ನುವುದು. ಪ್ರತಿ ಸಾಲಿನ ಕೊನೆಗೂ ವಿಂಡೋಸ್ ಸೇರಿಸುವ ಕಣ್ಣಿಗೆ ಕಾಣದ ಒಂದು ಚಿಹ್ನೆ ಅದಕ್ಕೆ ಕಾರಣ. ಎಡಿಟರಿನ ಕೆಳಗಿನ ಪಟ್ಟಿಯಲ್ಲಿ ಸಿಆರ್‌ಎಲ್‌ಎಫ್ ಎಂದಿರುವುದನ್ನು ಎಲ್‌ಎಫ್ ಮಾಡಿ.

ಮೊಬೈಲಲ್ಲಿ ಹೇಗ್ ಕಾಣತ್ತೆ ನೋಡ್ಬೇಕು. ಹೋಸ್ಟ್ ಮಾಡ್ದೆ ಆಗತ್ತಾ?

ಎರಡೂ ಒಂದೇ ವೈಫೈನಲ್ಲಿದ್ದರೆ ಆಗುತ್ತದೆ. ಡೆವಲಪ್‌ಮೆಂಟ್ ಸರ್ವರನ್ನು 0.0.0.0ಗೆ (ಹೊರಗಿನ ಸಾಧನಗಳಿಗೂ ಬಾಗಿಲು ತೆರೆಯುವ ವಿಳಾಸ) ಕಟ್ಟಿ ಶುರು ಮಾಡಿ, ಲ್ಯಾಪ್‌ಟಾಪಿನ ಹೆಚ್ಚಾಗಿ 192.168ರಿಂದ ಶುರುವಾಗುವ ವಿಳಾಸವನ್ನು ಫೋನಿನಲ್ಲಿ ಹೊಡೆಯಿರಿ. ಬರದಿದ್ದರೆ ಮೊದಲ ಅನುಮಾನ ಫೈರ್‌ವಾಲ್. ಪಿಜಿ, ಹಾಸ್ಟೆಲ್ ವೈಫೈಗಳಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ತಡೆದಿರುತ್ತಾರೆ, ಅಲ್ಲಿ ನಿಮ್ಮದೇ ಹಾಟ್‌ಸ್ಪಾಟ್ ಆನ್ ಮಾಡಿ.

ಪುಟ ಬಂತು, ಕ್ಯಾಮೆರಾ ಅಥವಾ ಲೊಕೇಶನ್ ಕೆಲಸ ಮಾಡುತ್ತಿಲ್ಲ ಎಂದರೆ ಅದು ಬ್ರೌಸರಿನ ನಿಯಮ. ಅಂಥವಕ್ಕೆ ಎಚ್‌ಟಿಟಿಪಿಎಸ್ ಬೇಕು, ಲೋಕಲ್‌ಹೋಸ್ಟಿಗೆ ಮಾತ್ರ ವಿನಾಯಿತಿ. ಎಂಕೆಸರ್ಟ್ ಎಂಬ ಟೂಲು ನಿಮ್ಮ ಸಾಧನಗಳಷ್ಟೇ ನಂಬುವ ಸರ್ಟಿಫಿಕೇಟ್ ಮಾಡಿಕೊಡುತ್ತದೆ. ಲೋಕಲ್ ಸೈಟಿಗೆ ಹೆಸರಿಡುವುದಾದರೆ ಕೊನೆಗೆ ಡಾಟ್ ಟೆಸ್ಟ್ ಇರಲಿ, 1999ರಿಂದ ಅದು ಇದಕ್ಕೆಂದೇ ಮೀಸಲು. ಡಾಟ್ ಡೆವ್ ಬೇಡ. ಅದು ಗೂಗಲ್ ನಡೆಸುವ ನಿಜವಾದ ಡೊಮೇನು, 2017ರ ಕೊನೆಯಿಂದ ಕ್ರೋಮ್ ಅದನ್ನು ಎಚ್‌ಟಿಟಿಪಿಎಸ್ ಇಲ್ಲದೆ ತೆರೆಯುವುದಿಲ್ಲ.

ರಾತ್ರಿ ಒಂದು ಗಂಟೆಗೆ ಹಾಕಿದ್ದು ನಿನ್ನೆ ತಾರೀಕು ತೋರಿಸ್ತಿದೆ, ಲೋಕಲಲ್ಲಿ ಸರಿ ಇತ್ತು.

ಸರ್ವರ್ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದೆ, ಲ್ಯಾಪ್‌ಟಾಪು ಭಾರತದ ಸಮಯದಲ್ಲಿ. ಐದೂವರೆ ಗಂಟೆ ವ್ಯತ್ಯಾಸ. ನಡುರಾತ್ರಿಯಿಂದ ಬೆಳಗ್ಗೆ 5:30ರವರೆಗೆ ಅಲ್ಲಿ ಇನ್ನೂ ನಿನ್ನೆಯೇ. ಹಗಲು ಪರೀಕ್ಷಿಸಿದರೆ ಇದು ಎಂದೂ ಸಿಕ್ಕಿಬೀಳುವುದಿಲ್ಲ. ಲೋಕಲ್ ಸರ್ವರಿನ ಟೈಮ್‌ಜೋನನ್ನೂ ಯುಟಿಸಿ ಮಾಡಿ, ತೋರಿಸುವಾಗ ಏಷ್ಯಾ ಕೋಲ್ಕತಾಗೆ ಬದಲಿಸಿಕೊಳ್ಳಿ.

ಡಾಕರ್ ಒಳಗಿಂದ ಡೇಟಾಬೇಸ್ ಸಿಗ್ತಾನೇ ಇಲ್ಲ. ಲೋಕಲ್‌ಹೋಸ್ಟ್ 3306 ಅಂತಾನೇ ಕೊಟ್ಟಿದೀನಿ.

ಕಂಟೇನರಿನೊಳಗೆ ಕೂತು ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರ್ ಮಾತ್ರ. ಡೇಟಾಬೇಸ್ ಇರುವುದು ಪಕ್ಕದ ಕಂಟೇನರಿನಲ್ಲಿ. ಕಂಪೋಸ್ ಫೈಲಿನಲ್ಲಿ ಅದಕ್ಕೆ ಏನು ಹೆಸರಿಟ್ಟಿದ್ದೀರೋ ಅದೇ ಅದರ ವಿಳಾಸ. ಹೊರಗಿನ ಪೋರ್ಟನ್ನು 3307 ಎಂದು ಬದಲಿಸಿದ್ದರೂ ಕಂಟೇನರುಗಳ ನಡುವೆ 3306 ಹಾಗೇ ಇರುತ್ತದೆ.

ಡೇಟಾವನ್ನು ಹೆಸರಿಟ್ಟ ವಾಲ್ಯೂಮಿನಲ್ಲಿ (ಕಂಟೇನರು ಹೋದರೂ ಉಳಿಯುವ ಜಾಗ) ಇಡಿ. ಕಂಟೇನರುಗಳನ್ನು ತೆಗೆಯುವ ಕಂಪೋಸ್ ಡೌನ್ ಕಮಾಂಡ್ ಕೊಟ್ಟರೆ ಅದು ಉಳಿಯುತ್ತದೆ, ಜೊತೆಗೆ ವಿ ಎಂಬ ಒಂದಕ್ಷರ ಸೇರಿಸಿದರೆ ಕೇಳದೆ ಅಳಿಸುತ್ತದೆ. ನಾನು ತಿಂಗಳಿಗೊಮ್ಮೆ ಬೇಕೆಂದೇ ಆ ಒಂದಕ್ಷರ ಸೇರಿಸುತ್ತೇನೆ, ಸೆಟಪ್ಪಿನ ಹೆಜ್ಜೆ ಬರೆದಿಡುವ ರೀಡ್‌ಮಿ ಫೈಲಿನಲ್ಲಿ ಇದ್ದಷ್ಟರಿಂದಲೇ ಸೈಟು ಮತ್ತೆ ಏಳುತ್ತದೆಯೇ ಎಂದು ನೋಡಲು. ಒಂದು ಹೆಜ್ಜೆಯಾದರೂ ಬರೆಯಲು ಮರೆತಿರುತ್ತೇನೆ.

ಕಂಟೇನರಲ್ಲಿ ಮಾಡಿದ ಪಿಡಿಎಫಲ್ಲಿ ಕನ್ನಡ ಎಲ್ಲಾ ಡಬ್ಬ ಡಬ್ಬ ಬರತ್ತೆ. ಬ್ರೌಸರಲ್ಲಿ ಚೆನ್ನಾಗೇ ಇದೆ.

ನಿಮ್ಮ ವಿಂಡೋಸಿನಲ್ಲಿ ನಿರ್ಮಲಾ ಫಾಂಟ್ ಇದೆ, ಆಂಡ್ರಾಯ್ಡ್ ಫೋನಿನಲ್ಲಿ ನೋಟೊ ಇದೆ. ಬರಿಮೈ ಲಿನಕ್ಸ್ ಕಂಟೇನರಿನಲ್ಲಿ ಕನ್ನಡದ ಒಂದು ಫಾಂಟೂ ಇಲ್ಲ. ನೋಟೊ ಫಾಂಟುಗಳ ಪ್ಯಾಕೇಜನ್ನು ಡಾಕರ್ ಫೈಲಿನಲ್ಲಿ ಒಂದು ಸಾಲು ಸೇರಿಸಿ ಹಾಕಿ, ಡಬ್ಬ ಹೋಗುತ್ತದೆ.

ಅಷ್ಟಕ್ಕೇ ಮುಗಿಯದೆ ಇರಬಹುದು. ಕೆಲವು ಪಿಡಿಎಫ್ ಲೈಬ್ರರಿಗಳಿಗೆ ಅಕ್ಷರ ಜೋಡಿಸಲು ಬರುವುದಿಲ್ಲ. ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ, ಅರ್ಕಾವತ್ತು ತನ್ನ ಜಾಗಕ್ಕೆ ಹೋಗುವುದಿಲ್ಲ. ಆಗ ಆ ಲೈಬ್ರರಿ ಬಿಟ್ಟು, ತಲೆಯಿಲ್ಲದ ಕ್ರೋಮಿಯಂನಿಂದ (ಕಿಟಕಿ ತೆರೆಯದೆ ಹಿಂದೆಯೇ ಓಡುವ ಬ್ರೌಸರ್) ಪುಟವನ್ನೇ ಪಿಡಿಎಫ್ ಮಾಡಿಸಿ. ಅದರೊಳಗೆ ಅಕ್ಷರ ಜೋಡಿಸುವ ಹಾರ್ಫ್‌ಬಝ್‌ಗೆ ಕನ್ನಡ ಚೆನ್ನಾಗಿ ಬರುತ್ತದೆ. ಪರೀಕ್ಷೆಗೆ ನಾನು ಬಳಸುವುದು ಐದು ಪದ: ಸೂರ್ಯ, ಸ್ತ್ರೀ, ಜ್ಞಾನ, ಕ್ಷೇತ್ರ, ರ‍್ಯಾಂಕ್. ಐದನೆಯದರಲ್ಲಿ ಕಣ್ಣಿಗೆ ಕಾಣದ ಜೋಡಕವೊಂದು ಅಡಗಿದೆ, ಎಲ್ಲಾದರೂ ಅದು ಉದುರಿಹೋಗಿದ್ದರೆ "ರ‍್ಯಾ" ಹೋಗಿ "ರ್ಯಾ" ಆಗುತ್ತದೆ, ಅಲ್ಲೇ ಗೊತ್ತಾಗುತ್ತದೆ.